ಕ್ಲೀನರ್ ರಾಸ್ ಮೀನು ಟ್ಯಾಂಕಿನಲ್ಲಿ ಏಕೆ ಸೊರಗುತ್ತದೆ?

ಪ್ರಶ್ನೆ (ನವನಗರ, ಬಾಗಲಕೋಟೆ): ನಮಸ್ಕಾರ ಮೇಡಂ. ಮನೆಯಲ್ಲಿ ಉಪ್ಪುನೀರಿನ ಸಣ್ಣ ಅಕ್ವೇರಿಯಂ ಇದೆ. ಕ್ಲೌನ್ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಬಂದವು. ಅಂಗಡಿಯವರು ‘ಕ್ಲೀನರ್ ರಾಸ್ ಬಿಡಿ, ಎಲ್ಲ ತಿಂದು ಹಾಕುತ್ತೆ’ ಎಂದು ಎರಡು ಕೊಟ್ಟರು. ಚುಕ್ಕೆ ಹೋಗಲಿಲ್ಲ. ಮೂರು ವಾರದಲ್ಲಿ ಒಂದು ರಾಸ್ ಬಡಕಲಾಗಿ ಸತ್ತೇಹೋಯಿತು. ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಎಲ್ಲಿ ತಪ್ಪಿದೆವು?

ಉತ್ತರ (ಸಮುದ್ರಜೀವಿ ವಿಷಯದ ಉಪನ್ಯಾಸಕಿ, ಬೆಳಗಾವಿ): ಮಗಳಿಗೆ ಸಮಾಧಾನ ಹೇಳಿ. ನೀವು ಹೇಳಿದ್ದನ್ನು ನೋಡಿದರೆ ಆ ಮೀನು ಹಸಿವಿನಿಂದ ಸತ್ತಿರಬೇಕು.

ಘಟಪ್ರಭಾ ದಂಡೆಯಲ್ಲಿ ಮಲಗಿದ ಎಮ್ಮೆಯ ಕಿವಿಯಿಂದ ಕಾಗೆ ಉಣ್ಣಿ ಹೆಕ್ಕುವುದನ್ನು ನೋಡಿದ್ದೀರಲ್ವಾ? ಹವಳದ ದಿಬ್ಬದಲ್ಲಿ ಈ ಮೀನಿನದು ಅದೇ ಕೆಲಸ. ವ್ಯತ್ಯಾಸ ಇಷ್ಟೇ, ಇಲ್ಲಿ ಎಮ್ಮೆಯೇ ಕಾಗೆಯನ್ನು ಹುಡುಕಿಕೊಂಡು ಬರುತ್ತದೆ. ರಾಸ್ ಒಂದು ಜಾಗ ಹಿಡಿದು ಕೂರುತ್ತದೆ. ದೊಡ್ಡ ಮೀನುಗಳು ಅಲ್ಲಿಗೇ ಬಂದು, ಬಾಯಿ ತೆರೆದು, ಕಿವಿರು ಅಗಲಿಸಿ ಸುಮ್ನೆ ನಿಲ್ಲುತ್ತವೆ. ಬೆರಳುದ್ದದ ಈ ಮೀನು ಅವುಗಳ ಬಾಯೊಳಗೆ ಹೋಗಿ ಕಿವಿರಿನಿಂದ ಹೊರಬರುತ್ತದೆ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಎಣಿಸಿದ್ದಾರೆ: ಒಂದು ರಾಸ್ ದಿನಕ್ಕೆ ಮೀನುಗಳ ಮೈಗೆ ಅಂಟಿದ ಸರಾಸರಿ 1,218 ಪರಾವಲಂಬಿ ಹುಳ ತಿನ್ನುತ್ತದೆ. ನಿಮ್ಮ ಟ್ಯಾಂಕಿನ ನಾಲ್ಕು ಮೀನಿನ ಮೈಯಲ್ಲಿ ಅಷ್ಟು ಎಲ್ಲಿಂದ ಬರಬೇಕು?

ಬಿಳಿ ಚುಕ್ಕೆಯ ವಿಷಯ ಬೇರೆ. ಆ ಸೂಕ್ಷ್ಮಜೀವಿ ಚರ್ಮದ ಒಳಗೆ ಹೊಕ್ಕಿರುತ್ತದೆ, ರಾಸ್ ಬಾಯಿಗೆ ಸಿಗುವುದಿಲ್ಲ. ಕಾಯಿಲೆ ಬಿದ್ದ ಮೀನುಗಳನ್ನು ಬೇರೆ ಟ್ಯಾಂಕಿಗೆ ಹಾಕಿ ಔಷಧಿ ಕೊಡಬೇಕು. ಉಳಿದ ರಾಸ್‌ಗೆ ಮೈಸಿಸ್ ಎಂಬ ಪುಟ್ಟ ಸಿಗಡಿಯನ್ನು ಸಣ್ಣಗೆ ಕತ್ತರಿಸಿ ದಿನಕ್ಕೆ ನಾಲ್ಕೈದು ಸಲ ಕೊಡಿ. ಇನ್ನೊಂದನ್ನು ದಯವಿಟ್ಟು ತರಬೇಡಿ.

ಮರುಪ್ರಶ್ನೆ: ಇನ್ನೊಂದು ತೊಂದರೆ ಮೇಡಂ. ಈ ರಾಸ್ ಕ್ಲೌನ್ ಮೀನುಗಳನ್ನು ಕಚ್ಚುತ್ತಿದೆ. ಅವು ಮೈ ಕೊಡವಿ ಓಡುತ್ತವೆ. ಇದು ಹೆಣ್ಣೋ ಗಂಡೋ?

ಉತ್ತರ: ಕಚ್ಚುವುದು ಮೈಮೇಲಿನ ಲೋಳೆಗಾಗಿ. ನಿಜ ಹೇಳಬೇಕೆಂದರೆ ಹುಳಕ್ಕಿಂತ ಲೋಳೆಯೇ ಅದಕ್ಕೆ ಜಾಸ್ತಿ ಇಷ್ಟ. ಸಮುದ್ರದಲ್ಲಾದರೆ ಕಚ್ಚಿಸಿಕೊಂಡ ಮೀನು ಬೇರೆ ರಾಸ್ ಹತ್ತಿರ ಹೋಗಿಬಿಡುತ್ತದೆ. ಹಾಗಾಗಿ ಅಲ್ಲಿ ಇದು ಹದ್ದುಬಸ್ತಿನಲ್ಲಿರುತ್ತದೆ, ಮುನಿಸಿಕೊಂಡ ಮೀನಿನ ಬೆನ್ನನ್ನು ಹೊಟ್ಟೆಯ ರೆಕ್ಕೆಗಳಿಂದ ಸವರಿ ಸಮಾಧಾನವನ್ನೂ ಮಾಡುತ್ತದೆ. ನಾನು ತುಂಬಾ ಮೆಚ್ಚುವ ನಡವಳಿಕೆ ಇದು! ಟ್ಯಾಂಕಿನಲ್ಲಿ ಪಾಪ ಕ್ಲೌನ್‌ಗಳು ಎಲ್ಲಿಗೆ ಹೋಗಬೇಕು? ಹೊಟ್ಟೆ ತುಂಬಿದರೆ ಕಚ್ಚುವುದು ಕಡಿಮೆಯಾಗಬಹುದು.

ಹೆಣ್ಣೋ ಗಂಡೋ ಎಂದು ನೋಡಿ ಹೇಳಲಾಗದು. ಇವುಗಳ ಗುಂಪಿನಲ್ಲಿ ಒಂದೇ ಗಂಡು, ಐದಾರು ಹೆಣ್ಣು. ಗಂಡು ಸತ್ತರೆ ಎಲ್ಲಕ್ಕಿಂತ ದೊಡ್ಡ ಹೆಣ್ಣು ಒಂದೆರಡು ಗಂಟೆಯಲ್ಲೇ ಗಂಡಿನ ಹಾಗೆ ಉಳಿದವುಗಳ ಮೇಲೆ ಏರಿಹೋಗತೊಡಗುತ್ತದೆ. ಎರಡು ಮೂರು ವಾರದೊಳಗೆ ಅದರ ಮೈಯಲ್ಲಿ ವೀರ್ಯವೂ ತಯಾರಾಗುತ್ತದೆ. ಇದು 1972ರಲ್ಲೇ ಪ್ರಕಟವಾದ ಸಂಗತಿ.

ಪ್ರಶ್ನೆ (ವಿಜಯಪುರ): ಮೇಡಂ, ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೊರಟಿದ್ದೇವೆ. ಈ ಮೀನು ಕಂಡರೆ ಗುರುತು ಹೇಗೆ?

ಉತ್ತರ: ತಿಳಿನೀಲಿ ಮೈ. ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ, ಬಾಲದ ಕಡೆಗೆ ಅಗಲವಾಗುತ್ತಾ ಹೋಗುತ್ತದೆ. ಮರಿಯಾದರೆ ಮೈಯೆಲ್ಲ ಕಪ್ಪು, ಬೆನ್ನಿಗುಂಟ ಹೊಳೆಯುವ ನೀಲಿ ಗೆರೆ. ಮೇಲೆ ಕೆಳಗೆ ಕುಣಿಯುತ್ತಾ ಈಜುತ್ತದೆ. ಆದರೆ ಇದೇ ಬಣ್ಣ, ಇದೇ ಕುಣಿತದ ಒಂದು ವೇಷಗಾರ ಮೀನೂ ಹವಳದ ದಿಬ್ಬಗಳಲ್ಲಿದೆ. ಅದು ಸ್ವಚ್ಛ ಮಾಡುವ ಹಾಗೆ ಹತ್ತಿರ ಬಂದು ರೆಕ್ಕೆಯ ತುಣುಕು ಕಿತ್ತುಕೊಂಡು ಓಡುತ್ತದೆ. ಬಾಯಿ ನೋಡಿ. ರಾಸ್‌ನ ಬಾಯಿ ಮೂತಿಯ ತುದಿಯಲ್ಲಿರುತ್ತದೆ, ವೇಷಗಾರನದು ಮೂತಿಯ ಕೆಳಗೆ. ಕೈ ಚಾಚಬೇಡಿ, ಒಂದು ಕಡೆ ಅಲುಗಾಡದೆ ನಿಂತು ಐದು ನಿಮಿಷ ಕಾಯಿರಿ.