ಕ್ಯಾಬಿನೆಟ್‌ಗೆ ಇನ್ನೂ ಎರಡು ಫ್ಯಾನ್ ಹಾಕಲಾ, ಇರುವುದನ್ನೇ ಸರಿಮಾಡಲಾ?

ತಾರಸಿ ಕೆಳಗಿನವನು:

ಎಲ್ಲರಿಗೂ ನಮಸ್ಕಾರ. ನನ್ನದು ನಾಗರಭಾವಿ, ಮೂರನೇ ಮಹಡಿ, ತಲೆ ಮೇಲೆ ನೇರ ತಾರಸಿ. ಏಪ್ರಿಲ್ ಬಂದರೆ ಮಧ್ಯಾಹ್ನ ರೂಮಿನ ಒಳಗೇ 33 ಡಿಗ್ರಿ ಇರುತ್ತದೆ, ಎಸಿ ಇಲ್ಲ. ಕಂಪ್ಯೂಟರು ಎರಡು ವರ್ಷ ಹಳೆಯದು. ಸಿಪಿಯು ರೈಜೆನ್ 5 5600, ಅದನ್ನು ತಣಿಸಲು ಒಂದು ಟವರ್ ಕೂಲರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು. ಕ್ಯಾಬಿನೆಟ್ ಮುಂದೆ ಪೂರ್ತಿ ಗಾಜು, ಅದರ ಹಿಂದೆ ಬಣ್ಣ ಬಣ್ಣದ ಮೂರು 120 ಮಿ.ಮೀ. ಫ್ಯಾನು, ಹಿಂಬದಿಯಲ್ಲಿ ಒಂದು. ಮೇಲ್ಗಡೆ ಎರಡು ಜಾಗ ಖಾಲಿ ಇವೆ.

ಕಷ್ಟ ಏನಂದ್ರೆ, ಒಂದು ಗಂಟೆ ಆಟ ಆಡಿದರೆ ಅಥವಾ ತಂಗಿ ಮದುವೆ ವಿಡಿಯೊ ಎಡಿಟ್ ಮಾಡಿ ರೆಂಡರ್‌ಗೆ ಹಾಕಿದರೆ ಕಾರ್ಡು 83ಕ್ಕೆ ಹೋಗಿ ನಿಲ್ಲುತ್ತದೆ, ಸಿಪಿಯು 84-85. ಸದ್ದು ಕೇಳಿದರೆ ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದ್ದಾರೆ ಅನ್ನಿಸುತ್ತದೆ. ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಒಬ್ಬರು ಮೇಲೆ ಎರಡು ಫ್ಯಾನ್ ಹಾಕಿ ಅಂದರು, ಎದುರಿನ ಅಂಗಡಿಯವರು ಸಿಪಿಯುಗೆ ನೀರಿನಿಂದ ತಣಿಸುವ ವಾಟರ್ ಕೂಲರೇ ಹಾಕಿ ಅಂದರು. ನನ್ನ ಹತ್ತಿರ ಇರುವುದು ಎರಡು ಸಾವಿರ ರೂಪಾಯಿ. ಆ ಎರಡು ಖಾಲಿ ಜಾಗ ತುಂಬಿಸಿದರೆ ಸರಿಹೋಗುತ್ತದಾ?

ಕಾಫಿ ಡಿಕಾಕ್ಷನ್:

ದುಡ್ಡು ಜೇಬಲ್ಲೇ ಇರಲಿ. ಮೊದಲು ಪಕ್ಕದ ಬಾಗಿಲು ತೆಗೆದು ಅದೇ ಆಟವನ್ನು ಅರ್ಧ ಗಂಟೆ ಆಡಿ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಕ್ಯಾಬಿನೆಟ್‌ದು ತಪ್ಪಿಲ್ಲ. ಕೂಲರ್ ಅಥವಾ ಅದರ ಅಡಿ ಹಚ್ಚಿರುವ ಪೇಸ್ಟ್ ನೋಡಬೇಕು, ಇಲ್ಲಾಂದ್ರೆ ರೂಮೇ ಬಿಸಿ. ಏಳೆಂಟು ಡಿಗ್ರಿ ಇಳಿದರೆ ಪೆಟ್ಟಿಗೆಯೊಳಗೆ ಗಾಳಿ ಆಡುತ್ತಿಲ್ಲ ಎಂದರ್ಥ. ಆಮೇಲೆ ಬಾಗಿಲು ಹಾಕಿ, ಮುಂದಿನ ಗಾಜು ಮಾತ್ರ ತೆಗೆದು ಇನ್ನೊಂದು ಸಲ ನೋಡಿ.

ಇನ್ನೊಂದು ವಿಷಯ. ವಿದೇಶದ ರಿವ್ಯೂ ವಿಡಿಯೊ ನೋಡಿ ಹೋಲಿಸಬೇಡಿ. ಅವರು ಪರೀಕ್ಷೆ ಮಾಡುವ ರೂಮು 21-22 ಡಿಗ್ರಿ ಇರುತ್ತದೆ. ನಿಮ್ಮದು ಅದಕ್ಕಿಂತ ಹನ್ನೊಂದು ಹನ್ನೆರಡು ಜಾಸ್ತಿ, ಅಷ್ಟನ್ನೂ ಅವರ ಲೆಕ್ಕಕ್ಕೆ ಕೂಡಿಸಿ ನೋಡಬೇಕು. ಎಷ್ಟು ಫ್ಯಾನ್ ಹಾಕಿದರೂ ಒಳಗಿನ ಗಾಳಿ ರೂಮಿಗಿಂತ ತಣ್ಣಗಾಗುವುದಿಲ್ಲ.

ತಾರಸಿ ಕೆಳಗಿನವನು:

ಮಾಡಿದೆ. ರೂಮು 32 ಇದ್ದಾಗ, ಬಾಗಿಲು ತೆಗೆದರೆ ಕಾರ್ಡು 72. ಮುಂದಿನ ಗಾಜು ಮಾತ್ರ ತೆಗೆದರೆ 76. ಹನ್ನೊಂದು ಡಿಗ್ರಿ ವ್ಯತ್ಯಾಸ! ಹಾಗಾದರೆ ಫ್ಯಾನ್ ಸಾಲುತ್ತಿಲ್ಲ ಅಂತಲೇ ಆಯ್ತಲ್ವಾ?

ಗೂಡಂಗಡಿ ಎಂಜಿನಿಯರ್:

ಇಲ್ಲ. ಗಾಳಿ ಬರುವ ದಾರಿ ಸಾಲುತ್ತಿಲ್ಲ ಅಂತಾಯ್ತು, ಫ್ಯಾನ್ ಅಲ್ಲ. ಅಡುಗೆಮನೆ ಕಿಟಕಿ ಬಾಗಿಲು ಎಲ್ಲ ಮುಚ್ಚಿ ಎಷ್ಟು ದೊಡ್ಡ ಎಕ್ಸಾಸ್ಟ್ ಹಾಕಿದರೂ ಒಗ್ಗರಣೆ ಹೊಗೆ ಹೋಗುತ್ತದಾ? ನೀವು ಮೇಲೆ ಎರಡು ಎಕ್ಸಾಸ್ಟ್ ಹಾಕಿದರೆ ಆಗುವುದೂ ಅದೇ. ಮುಂದೆ ಗಾಜು ಅಡ್ಡ ಇರುವಾಗ ಅವು ಸಿಕ್ಕ ಸಿಕ್ಕ ಸಂದಿಯಿಂದ ಗಾಳಿ ಎಳೆಯುತ್ತವೆ, ಜೊತೆಗೆ ಧೂಳನ್ನೂ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರಾಗಬೇಡಿ. 3060 ಕಾರ್ಡು 170 ವ್ಯಾಟ್, ಸಿಪಿಯು ಜೋರಾಗಿ ಓಡಿದಾಗ 76-88 ವ್ಯಾಟ್. ಒಟ್ಟು 250 ಅಂತಿಟ್ಟುಕೊಳ್ಳಿ. ಇಷ್ಟು ಬಿಸಿಯನ್ನು ಹೊತ್ತುಕೊಂಡು ಹೋಗುವ ಗಾಳಿ ತಾನು 10 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಅಂದರೆ ನಿಮಿಷಕ್ಕೆ ಸುಮಾರು 50 ಘನ ಅಡಿ ಗಾಳಿ ಪೆಟ್ಟಿಗೆಯೊಳಗೆ ಹರಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಗಾಳಿ ಮಂಗಳೂರಿಗಿಂತ ಹತ್ತು ಪರ್ಸೆಂಟ್ ತೆಳು. ಅದನ್ನೂ ಸೇರಿಸಿಯೇ ಈ 50. ಒಂದು ಒಳ್ಳೆಯ 120 ಮಿ.ಮೀ. ಫ್ಯಾನ್ ಡಬ್ಬಿ ಮೇಲೆ 55-60 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಅಂತ ಬರೆದಿರುತ್ತದೆ, ನಿಮ್ಮ ಹತ್ತಿರ ಆಗಲೇ ನಾಲ್ಕಿವೆ. ಆದರೆ ಆ ಸಂಖ್ಯೆ ಮುಂದೆ ಹಿಂದೆ ಏನೂ ಅಡ್ಡ ಇಲ್ಲದಾಗ ಸಿಗುವುದು. ಗಾಜು, ಧೂಳಿನ ಜಾಲರಿ, ಕೇಬಲ್ ಗಂಟು ಎದುರಾದರೆ ಅರ್ಧ ಸಿಕ್ಕರೂ ಪುಣ್ಯ. ಅದಕ್ಕೇ ಅಡ್ಡ ಇರುವ ಕಡೆಗೆ ಸಿಎಫ್‌ಎಂ ನೋಡಿ ಫ್ಯಾನ್ ತಗೊಳ್ಳಬಾರದು. ಸ್ಟ್ಯಾಟಿಕ್ ಪ್ರೆಶರ್ ನೋಡಬೇಕು, ಅಂದರೆ ಅಡ್ಡಿ ಇದ್ದರೂ ಗಾಳಿ ನೂಕುವ ತಾಕತ್ತು. ಆರ್ಕ್ಟಿಕ್ ಪಿ12 ಅನ್ನುವ ಫ್ಯಾನ್‌ಗೆ ಅದು 2.2 ಮಿ.ಮೀ. ನೀರು ಅಂತ ಕೊಟ್ಟಿದ್ದಾರೆ. ಬರೀ ಮಿಣಮಿಣ ಅನ್ನುವ ಫ್ಯಾನ್‌ಗಳ ಡಬ್ಬಿ ಮೇಲೆ ಈ ಸಂಖ್ಯೆಯೇ ಎಷ್ಟೋ ಸಲ ಇರುವುದಿಲ್ಲ.

ಗಾಜು ತೆಗೆದರೂ 76ಕ್ಕೇ ನಿಂತಿದೆ, ಬಾಗಿಲು ತೆಗೆದಾಗಿನ 72 ಬರಲಿಲ್ಲ. ಇದು ನನಗೆ ಅನುಮಾನ. ಮುಂದಿನ ಮೂರೂ ಫ್ಯಾನ್ ಒಳಗೇ ಊದುತ್ತಿವೆ ಅಂತ ಖಾತ್ರಿ ಇದೆಯಾ? ಫ್ಯಾನ್‌ಗೆ ಒಂದು ಬದಿ ತೆರೆದಿರುತ್ತದೆ, ಇನ್ನೊಂದು ಬದಿ ಮೋಟಾರನ್ನು ಹಿಡಿದ ಕಡ್ಡಿಗಳು, ನಡುವೆ ಸ್ಟಿಕ್ಕರ್. ಗಾಳಿ ಹೊರಬರುವುದು ಕಡ್ಡಿ ಇರುವ ಬದಿಯಿಂದ. ನೋಡಲು ಆಗದಿದ್ದರೆ ದೇವರ ಮನೆಯಿಂದ ಊದುಬತ್ತಿ ತನ್ನಿ, ಹೊರಗಡೆಯಿಂದಲೇ ಒಂದೊಂದು ಫ್ಯಾನ್ ಮುಂದೆ ಹಿಡಿಯಿರಿ. ಹೊಗೆ ಎಲ್ಲಿ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಬೂದಿ ಒಳಗೆ ಬೀಳದಂತೆ ನೋಡಿಕೊಳ್ಳಿ.

ತಾರಸಿ ಕೆಳಗಿನವನು:

ಏನು ಹೇಳಲಿ ಸ್ವಾಮಿ. ಕೆಳಗಿನ ಫ್ಯಾನು ಉಲ್ಟಾ! ಎರಡರ ಮುಂದೆ ಹೊಗೆ ಸರಕ್ಕನೆ ಒಳಗೆ ಹೋಯಿತು, ಮೂರನೆಯದು ನನ್ನ ಮುಖಕ್ಕೇ ಊದಿತು. ಜೋಡಿಸಿ ಕೊಟ್ಟ ಅಂಗಡಿಯವರು ಎರಡು ವರ್ಷದ ಹಿಂದೆ ಹಾಗೇ ಬಿಗಿದಿದ್ದಾರೆ. ಬಣ್ಣದ ಲೈಟು ಎರಡೂ ಬದಿಗೆ ಒಂದೇ ಥರ ಕಾಣುವುದರಿಂದ ನನಗೂ ಗೊತ್ತಾಗಲಿಲ್ಲ.

ಗೂಡಂಗಡಿ ಎಂಜಿನಿಯರ್:

ನೋಡಿ, ಸಿಕ್ಕಿತು. ಆ ಫ್ಯಾನ್ ಬಿಸಿ ಗಾಳಿಯನ್ನು ಗಾಜಿನ ಹಿಂದಿನ ಸಂದಿಗೆ ಊದುತ್ತಿತ್ತು. ಅಲ್ಲಿಂದ ಹೊರಗೆ ಹೋಗಲು ಜಾಗ ಇಲ್ಲ, ಮುಂದಿನ ಮೂರರಲ್ಲಿ ಮೇಲಿನ ಎರಡು ಫ್ಯಾನ್ ಅದನ್ನೇ ತಿರುಗಿ ಒಳಗೆ ಎಳೆಯುತ್ತಿದ್ದವು. ಎರಡು ವರ್ಷ ನಿಮ್ಮ ಕಾರ್ಡು ತನ್ನ ಉಸಿರನ್ನೇ ತಾನು ಕುಡಿದಿದೆ. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿ. ಗಾಜನ್ನು ಒಂದೂವರೆ ಸೆಂಟಿಮೀಟರ್ ಮುಂದಕ್ಕೆ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದ ಸ್ಕ್ರೂ ಮತ್ತು ಪ್ಲಾಸ್ಟಿಕ್ ಸ್ಪೇಸರ್ ಚಿಲ್ಲರೆ ದುಡ್ಡಿಗೆ ಸಿಗುತ್ತವೆ.

ಮೇಲೆ ಫ್ಯಾನ್ ಹಾಕಲೇಬೇಕು ಅನ್ನಿಸಿದರೆ ಒಂದೇ ಹಾಕಿ, ಹಿಂಭಾಗದ ಜಾಗಕ್ಕೆ, ಹೊರಗೆ ಊದುವಂತೆ. ಮೇಲಿನ ಮುಂಭಾಗ ಖಾಲಿ ಬಿಡಿ. ಅಲ್ಲಿ ಎಕ್ಸಾಸ್ಟ್ ಹಾಕಿದರೆ ಮುಂದಿನಿಂದ ಬಂದ ತಣ್ಣನೆ ಗಾಳಿ ಸಿಪಿಯು ಕೂಲರ್‌ಗೆ ಮುಟ್ಟುವ ಮೊದಲೇ ಮೇಲೆ ಹಾರಿಹೋಗುತ್ತದೆ.

ಧೂಳುಪುರದ ದೊರೆ:

ಮೇಲಿನವರು ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ. ನಮ್ಮ ರಸ್ತೆಯನ್ನು ಕೊಳವೆಗೆ ಅಂತ ಅಗೆದು ಮುಚ್ಚಿ ಮತ್ತೆ ಕೇಬಲ್‌ಗೆ ಅಂತ ಅಗೆದಿದ್ದಾರೆ, ಹಾಗಾಗಿ ನನಗೆ ಡಿಗ್ರಿಗಿಂತ ಧೂಳಿನ ಚಿಂತೆ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಆಗ ಗಾಳಿ ಸಂದಿಗಳಿಂದ ಹೊರಗೆ ನುಗ್ಗುತ್ತದೆ, ಒಳಗೆ ಬರುವುದೆಲ್ಲ ಜಾಲರಿ ದಾಟಿಯೇ ಬರುತ್ತದೆ. ಮುಂದೆ ಮೂರು, ಹಿಂದೆ ಒಂದು ಸಾಕು. ಮೇಲಿನದು ಯಾಕೆ ಸುಮ್ನೆ? ಖಾಲಿ ತೂತಿನ ಮೇಲೆ ಜಾಲರಿ ಇದ್ದರೆ ಬಿಸಿ ಗಾಳಿ ತಾನೇ ಹೋಗುತ್ತದೆ.

ಜಾಲರಿಯನ್ನು ಎರಡು ವಾರಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿದು, ಪೂರ್ತಿ ಒಣಗಿಸಿ ಹಾಕಿ. ಒಳಗಡೆಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಿರಗಿರ ತಿರುಗಿದರೆ ನೋಡಲು ಮಜಾ, ಆದರೆ ಬೇರಿಂಗ್ ಹೋಗುತ್ತದೆ. ಕ್ಯಾಬಿನೆಟ್ ನೆಲದ ಮೇಲಿದ್ದರೆ ಒಂದಡಿ ಎತ್ತರದ ಸ್ಟೂಲ್ ಮೇಲಿಡಿ. ಪವರ್ ಸಪ್ಲೈ ಕೆಳಗಿನಿಂದ ಗಾಳಿ ಎಳೆಯುತ್ತದೆ, ಕಸ ಗುಡಿಸುವಾಗ ಏಳುವ ಧೂಳೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ.

ಕಾಫಿ ಡಿಕಾಕ್ಷನ್:

ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಆ ಬಣ್ಣದ ಫ್ಯಾನ್‌ಗಳು ಪವರ್ ಸಪ್ಲೈಯಿಂದ ಬರುವ ದೊಡ್ಡ ನಾಲ್ಕು ಪಿನ್ನಿನ ಮೋಲೆಕ್ಸ್ ವೈರಿಗೆ ಹೋಗಿವೆಯಾ ನೋಡಿ. ಹಾಗಿದ್ದರೆ ಅವಕ್ಕೆ ಸದಾ 12 ವೋಲ್ಟ್, ಯಾವಾಗಲೂ ಫುಲ್ ಸ್ಪೀಡ್. ಹೊಸದು ತಗೊಂಡರೆ 4 ಪಿನ್ ಪಿಡಬ್ಲ್ಯೂಎಂ (ವೇಗ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆ) ಇರುವುದನ್ನೇ ತಗೊಳ್ಳಿ, ಮದರ್‌ಬೋರ್ಡಿಗೇ ಚುಚ್ಚಿ. ಸ್ಪ್ಲಿಟರ್ ಹಾಕಿ ಎರಡು ಮೂರು ಫ್ಯಾನ್ ಬೋರ್ಡಿನ ಒಂದೇ ಹೆಡರ್‌ಗೆ (ಫ್ಯಾನ್ ಚುಚ್ಚುವ ಪಿನ್ನುಗಳಿಗೆ) ಕೊಡಬಹುದು, ಆದರೆ ಸಾಮಾನ್ಯ ಹೆಡರ್ ತಡೆಯುವುದು 1 ಆಂಪಿಯರ್. ಫ್ಯಾನ್ ಸ್ಟಿಕ್ಕರ್ ಮೇಲೆ ಬರೆದಿರುವುದನ್ನು ಕೂಡಿಸಿ ನೋಡಿ. ಲೈಟಿನ ವೈರ್ ವಿಷಯದಲ್ಲಿ ಹುಷಾರು. 5 ವೋಲ್ಟಿನ ಮೂರು ಪಿನ್ ಲೈಟನ್ನು 12 ವೋಲ್ಟಿನ ನಾಲ್ಕು ಪಿನ್ ಹೆಡರ್‌ಗೆ ತುರುಕಿದರೆ ಲೈಟು ಶಾಶ್ವತವಾಗಿ ಆರಿಹೋಗುತ್ತದೆ. ನಾನೇ ಮಾಡಿಕೊಂಡಿದ್ದೇನೆ, ಕೇಳಬೇಡಿ.

ಆಮೇಲೆ ಕ್ಯಾಬಿನೆಟ್ ಫ್ಯಾನನ್ನು ಸಿಪಿಯು ಉಷ್ಣತೆಗೆ ಕಟ್ಟಬೇಡಿ. ಬ್ರೌಸರ್ ತೆರೆದರೂ ರೈಜೆನ್ ಒಂದು ಕ್ಷಣ ಹತ್ತು ಹದಿನೈದು ಡಿಗ್ರಿ ಜಿಗಿಯುತ್ತದೆ, ಫ್ಯಾನ್ ಅದರ ಹಿಂದೆ ಉಂಯ್ ಉಂಯ್ ಅಂತ ಏರಿ ಇಳಿಯುತ್ತದೆ. ವಿಂಡೋಸ್‌ಗೆ ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಕಾರ್ಡಿನ ಉಷ್ಣತೆಗೆ ಕಟ್ಟಿ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಒಂದು ಫ್ಯಾನ್ ಕಿರುಚುವುದಕ್ಕಿಂತ ಎರಡು ನಿಧಾನ ತಿರುಗುವುದು ಎಷ್ಟೋ ವಾಸಿ.

ತಾರಸಿ ಕೆಳಗಿನವನು:

ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ರೂಮು 32 ಡಿಗ್ರಿ, ಅದೇ ಆಟ, ಒಂದು ಗಂಟೆ. ಕೆಳಗಿನ ಫ್ಯಾನ್ ತಿರುಗಿಸಿದ್ದಷ್ಟೇ, ಕಾರ್ಡು 83ರಿಂದ 78ಕ್ಕೆ ಬಂತು. ಗಾಜನ್ನು ಸ್ಪೇಸರ್ ಮೇಲೆ ಮುಂದಕ್ಕೆ ತಂದ ಮೇಲೆ 74. ಸಿಪಿಯು 77. ಇಲ್ಲಿಯವರೆಗೆ ಖರ್ಚು ಎಂಬತ್ತು ರೂಪಾಯಿ.

ಜಗಳ ಬಗೆಹರಿಯಲಿ ಅಂತ ಎರಡು ಪಿಡಬ್ಲ್ಯೂಎಂ ಫ್ಯಾನೂ ತಂದೆ. ಮೇಲೆ ಹಿಂಭಾಗಕ್ಕೆ ಒಂದು ಹಾಕಿದರೆ ಸಿಪಿಯು 74, ಕಾರ್ಡು ಇದ್ದ ಹಾಗೇ. ಎರಡನೆಯದನ್ನೂ ಮೇಲೆ ಮುಂಭಾಗಕ್ಕೆ ಹಾಕಿದರೆ ಸಿಪಿಯು ತಿರುಗಿ 75! ಬಿಚ್ಚಿಬಿಟ್ಟೆ. ಮುಂದಿನ ಮೂರು ನಿಜಕ್ಕೂ ಮೋಲೆಕ್ಸ್‌ಗೇ ಹೋಗಿದ್ದವು, ಅವನ್ನು ಮುಂದಿನ ತಿಂಗಳು ಬದಲಾಯಿಸುತ್ತೇನೆ, ಅಲ್ಲಿಯವರೆಗೆ ಮಿಕ್ಸಿ ಸದ್ದು ಇದ್ದೇ ಇದೆ.

ಮಿಕ್ಕ ಒಂದು ಫ್ಯಾನ್ ಮೇಜಿನ ಮೇಲಿದೆ. ಅಪ್ಪ ಅದನ್ನು ವೈಫೈ ರೌಟರ್ ಪಕ್ಕ ಇಡು, ಅದೂ ಬಿಸಿಯಾಗುತ್ತದೆ ಅಂತಿದ್ದಾರೆ. ಅದಕ್ಕೆ ಯುಎಸ್‌ಬಿಯ 5 ವೋಲ್ಟ್ ಸಾಕಾಗುತ್ತದಾ?

ಗೂಡಂಗಡಿ ಎಂಜಿನಿಯರ್:

ತಿರುಗಲು ಶುರುವಾದರೆ ನಿಧಾನಕ್ಕೆ, ಸದ್ದಿಲ್ಲದೆ ತಿರುಗುತ್ತದೆ. ಕೆಲವು 5 ವೋಲ್ಟಿಗೆ ಏಳುವುದೇ ಇಲ್ಲ. ಹಾಕಿ ನೋಡಿ. ಕಡ್ಡಿ ಇರುವ ಬದಿ ರೌಟರ್ ಕಡೆಗೆ.