ಇಪ್ಪತ್ತು ವರ್ಷದ ಮೇಲೆ ಮತ್ತೆ ಬೈಕ್: ತೀರ್ಥಹಳ್ಳಿ ಕಡೆ ರಸ್ತೆಗೆ ಯಾವ ಕ್ರೂಸರ್ ಆಗಬಹುದು?

ತುಂಗಾತೀರದ ಟೀಚರ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಮನೆ, ಹೈಸ್ಕೂಲ್ ಟೀಚರ್. ವಯಸ್ಸು 46, ಎತ್ತರ ಐದಡಿ ಎರಡಿಂಚು. ಕಾಲೇಜಿನಲ್ಲಿದ್ದಾಗ ಅಣ್ಣನ ಆರ್‌ಎಕ್ಸ್ 100 ಓಡಿಸುತ್ತಿದ್ದೆ. ಕೆಲಸ ಸಿಕ್ಕ ಮೇಲೂ ಸ್ವಲ್ಪ ಕಾಲ ಅದೇ ಬೈಕಿನಲ್ಲಿ ಓಡಾಡಿದೆ. ಆಮೇಲೆ ಮದುವೆ, ಮಕ್ಕಳು, ಊರಿಂದ ಊರಿಗೆ ವರ್ಗ. ಗೇರ್ ಬೈಕ್ ಮುಟ್ಟದೆ ಇಪ್ಪತ್ತು ವರ್ಷ ಆಗಿದೆ. ನಡುವೆ ಸ್ಕೂಟಿ ಮಾತ್ರ.

ಈಗ ಮೇಗರವಳ್ಳಿ ಕಡೆಯ ಶಾಲೆಗೆ ಬಂದಿದ್ದೇನೆ. ಬಸ್ಸಿದೆ, ಆದರೆ ಮುಖ್ಯ ರಸ್ತೆಯಲ್ಲಿ ಇಳಿದು ಒಳಗೆ ನಡೆಯಬೇಕು. ಜುಲೈ ತಿಂಗಳಲ್ಲಿ ಕೊಡೆ ಹಿಡಿದು ಆ ದಾರಿ ನಡೆದವರಿಗೇ ಗೊತ್ತು. ಮಗಳು ಮೈಸೂರಿಗೆ ಓದಲು ಹೋದಳು, ಮಗನೂ ದೊಡ್ಡವನಾದ. ಬೆಳಿಗ್ಗೆ ಯಾರನ್ನೂ ಎಲ್ಲಿಗೂ ಬಿಡುವ ಅವಸರ ಇಲ್ಲ. ಸ್ಕೂಟಿ ಸಾಲದಾ ಅಂತ ದಯವಿಟ್ಟು ಕೇಳಬೇಡಿ, ಮನೆಯಲ್ಲಿ ಎಲ್ಲರೂ ಕೇಳಿ ಆಗಿದೆ. ನನಗೆ ಬೈಕೇ ಬೇಕು. ಕ್ಲಚ್ ಮೆಲ್ಲಗೆ ಬಿಡುವಾಗ ಗಾಡಿ ಮುಂದಕ್ಕೆ ಎಳೆಯುತ್ತದಲ್ಲ, ಅದು ನನಗೆ ಇವತ್ತಿಗೂ ಅಷ್ಟೇ ಇಷ್ಟ.

ಕ್ರೂಸರ್ ಯಾಕೆ ಅಂದರೆ ಸೀಟು ತಗ್ಗು. ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದರೆ ಮಾತ್ರ ನನಗೆ ಧೈರ್ಯ. ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350 ಮನಸ್ಸಿನಲ್ಲಿದೆ. ಮೈದುನ ಸೆಕೆಂಡ್ ಹ್ಯಾಂಡ್ ಅವೆಂಜರ್ 220 ಸಾಕು, ಅದು ಹಗುರ ಅನ್ನುತ್ತಾನೆ. ರಾಯಲ್ ಎನ್‌ಫೀಲ್ಡ್‌ನದೇ ಕ್ಲಾಸಿಕ್ 350 ತಗೊಳ್ಳಿ ಅನ್ನುವವರೂ ಇದ್ದಾರೆ. ಬಜೆಟ್ ಎಲ್ಲಾ ಸೇರಿ ಎರಡೂವರೆ ಲಕ್ಷ. ಶಾಲೆ ಬಿಟ್ಟರೆ ತವರಿಗೆ, ಅಂದರೆ ಹೊಸನಗರಕ್ಕೆ, ಆಗಾಗ ಶೃಂಗೇರಿಗೆ ಹೋಗುವುದು.

ದೊಡ್ಡ ಚಿಂತೆ ಒಂದೇ. ನಮ್ಮ ಮನೆ ರಸ್ತೆಗಿಂತ ಕೆಳಗಿದೆ. ಅಂಗಳಕ್ಕೆ ಇಳಿಜಾರು ದಾರಿ, ಮಳೆಗಾಲ ಪೂರ್ತಿ ಹಾವಸೆ. 190 ಕಿಲೋ ಗಾಡಿಯನ್ನು ಅಲ್ಲಿ ನಾನೊಬ್ಬಳೇ ತಿರುಗಿಸಬಲ್ಲೆನಾ?

ಸಾಗರದ ಸವಾರ

ಅಕ್ಕಾ, ನನ್ನ ಹತ್ತಿರ 2021ರ ಮೀಟಿಯೋರ್ ಇದೆ. ಸೀಟಿನ ಎತ್ತರ 765 ಮಿಲಿಮೀಟರ್. ಕ್ಲಾಸಿಕ್‌ದು 805. ಕಾಗದದಲ್ಲಿ ಸಣ್ಣ ವ್ಯತ್ಯಾಸ, ನಿಮ್ಮ ಎತ್ತರಕ್ಕೆ ಅದು ಹಿಮ್ಮಡಿ ಊರುವುದಕ್ಕೂ ತುದಿಗಾಲಲ್ಲಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ. ತೂಕ 191 ಕಿಲೋ, ನಿಜ. ಆದರೆ ಆ ಭಾರ ಕೆಳಗಿದೆ, ಹೊರಟ ಮೇಲೆ ಗೊತ್ತಾಗುವುದಿಲ್ಲ. ಇಂಜಿನ್ ಕಮ್ಮಿ ವೇಗದಲ್ಲೇ ಚೆನ್ನಾಗಿ ಎಳೆಯುತ್ತದೆ, ಘಾಟಿಯಲ್ಲಿ ಪದೇ ಪದೇ ಗೇರ್ ಬದಲಿಸುವ ಕೆಲಸ ಇಲ್ಲ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ. ಗುಂಡಿ ಬಂದಾಗ ಆರ್‌ಎಕ್ಸ್‌ನಲ್ಲಿ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಲ್ಲುತ್ತಿದ್ದಿರಿ ಅಲ್ವಾ? ಇಲ್ಲಿ ಅದಾಗುವುದಿಲ್ಲ. ಪೆಟ್ಟು ನೇರ ಸೊಂಟಕ್ಕೆ. ಜೋಗದ ರಸ್ತೆ ಚೆನ್ನಾಗಿದ್ದರೆ ಸ್ವರ್ಗ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಲಾಂಚ್ ಕಾಯದೆ ಆಚೆ ದಡ ಸೇರುತ್ತೇನೆ, ಹಿನ್ನೀರಿನ ಮೇಲೆ ಎರಡೂ ಚಿಲ್ಲರೆ ಕಿಲೋಮೀಟರ್, ಅದಕ್ಕಿಂತ ಖುಷಿ ಬೇರೆ ಇಲ್ಲ. ಆದರೆ ಟಾರು ಕಿತ್ತುಹೋದ ಹಳ್ಳಿ ರಸ್ತೆಯಲ್ಲಿ ವೇಗ ಅರ್ಧಕ್ಕೆ ಇಳಿಸಲೇಬೇಕು.

ಕೊಪ್ಪದ ಬೆಳೆಗಾರ

ಮೇಡಂ, ನನ್ನ ಅಭಿಪ್ರಾಯ ಬೇರೆ. ಮಲೆನಾಡಿಗೆ ಕ್ರೂಸರ್ ಬೇಡ. ತಿರುವು, ಗುಂಡಿ, ದನ, ಎದುರಿಂದ ಬಸ್ಸು, ಇಲ್ಲೆಲ್ಲ ಕಾಲು ಸೊಂಟದ ಕೆಳಗೇ ಇರಬೇಕು. ಆಗ ಗಾಡಿ ಹೇಳಿದ ಕಡೆ ತಿರುಗುತ್ತದೆ. ಹೋಂಡಾ ಹೈನೆಸ್ ಸಿಬಿ 350 ನೋಡಿ. 181 ಕಿಲೋ, ಮೀಟಿಯೋರ್‌ಗಿಂತ ಹತ್ತು ಕಿಲೋ ಕಮ್ಮಿ. ಕ್ಲಚ್ ಬೆಣ್ಣೆಯಂತಿದೆ. ಸೀಟು 800, ಅದೊಂದು ನಿಮಗೆ ಸಮಸ್ಯೆ. ಒಳ್ಳೆ ಕುಷನ್ ಕೆಲಸದವರು ಸ್ವಲ್ಪ ತಗ್ಗಿಸಿಕೊಡುತ್ತಾರೆ.

ಗ್ಯಾರೇಜ್ ಅಣ್ಣ, ಶಿವಮೊಗ್ಗ

ಮೇಡಂ, ನಾನು ಮೆಕ್ಯಾನಿಕ್. ಬೆಳೆಗಾರರು ಹೇಳಿದ್ದು ಓಡುವ ಗಾಡಿಗೆ ಸರಿ. ನಿಮ್ಮ ಚಿಂತೆ ನಿಂತ ಗಾಡಿಯದ್ದು. ತುಂಬಾ ವರ್ಷ ಬಿಟ್ಟು ಬಂದವರು ಗಾಡಿ ಬೀಳಿಸುವುದು ಹೆಚ್ಚಾಗಿ ನಿಲ್ಲಿಸುವಾಗ, ತಿರುಗಿಸುವಾಗ, ಇಳಿಜಾರಿನಲ್ಲಿ ಒಂದು ಕಾಲು ಊರಿದ ಜಾಗ ಜಾರಿದಾಗ. ನನ್ನ ಹತ್ತಿರ ಬರುವ ಮುರಿದ ಕ್ಲಚ್ ಲಿವರ್, ಡೊಂಕಾದ ಹ್ಯಾಂಡಲ್ ಬಹುಪಾಲು ಈ ಬಾಬತ್ತಿನವು. ಆದ್ದರಿಂದ ನಿಮಗೆ ತಗ್ಗು ಸೀಟೇ ಸರಿ. ತಿರುವಿನಲ್ಲಿ ಓಡಿಸುವುದು ಕೈಗೆ ತಾನಾಗಿ ವಾಪಸ್ ಬರುತ್ತದೆ, ಕಾಲು ಉದ್ದ ಆಗುವುದಿಲ್ಲ.

ಅವೆಂಜರ್ ಬಗ್ಗೆ. ಸೀಟು 737, ತೂಕ 163 ಕಿಲೋ. ನಿಮ್ಮ ಮೈದುನ ಲೆಕ್ಕ ಹಾಕಿಯೇ ಹೇಳಿದ್ದಾರೆ. ಆದರೆ 125 ಸಿಸಿ ದಾಟಿದ ಬೈಕಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ, ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಅವೆಂಜರ್ ಆದರೆ ನೀವು ಓಡಾಡುವ ರಸ್ತೆಗೆ ನಾನು ಬೇಡ ಅನ್ನುತ್ತೇನೆ. ಆಮೇಲೆ ಬಂದದ್ದರಲ್ಲೂ ಮುಂದಿನ ಚಕ್ರಕ್ಕೆ ಮಾತ್ರ. ಮೀಟಿಯೋರ್‌ನಲ್ಲಿ ಎರಡಕ್ಕೂ ಇದೆ. ಇನ್ನೊಂದು, ಅವೆಂಜರ್ 220ರ ಕ್ರೂಸ್ ಮಾಡೆಲ್‌ಗೆ ಕಡ್ಡಿ ಚಕ್ರ, ಟ್ಯೂಬ್ ಟೈರ್. ಮೇಗರವಳ್ಳಿ ಆಚೆ ಸಂಜೆ ಹೊತ್ತಿಗೆ ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಆದರೆ ಗಾಳಿ ಮೆಲ್ಲಗೆ ಇಳಿಯುತ್ತದೆ, ಮನೆ ಸೇರಬಹುದು. ಹಾಗೂ ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಮುಂದಿನ ಫೋರ್ಕ್ ಕೊಳವೆಯ ಮೇಲೆ ಬೆರಳಾಡಿಸಿ. ತುಕ್ಕಿನ ಚುಕ್ಕೆ ಸಿಕ್ಕಿದರೆ ಆಯಿಲ್ ಸೀಲ್ ಉಳಿಯುವುದಿಲ್ಲ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ತಿರುಗಿಸಿ, ನಡುವೆ ತಡೆದಂತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ನಮ್ಮ ಮಳೆ ಕುಡಿದ ಗಾಡಿಗಳಲ್ಲಿ ಇವೆರಡೂ ಸಾಮಾನ್ಯ.

ಈಗ ಆರ್‌ಎಕ್ಸ್ ಓಡಿಸಿದ ಕೈಗೆ ಒಂದು ಮಾತು. ಅದು ಟೂ ಸ್ಟ್ರೋಕ್. ಆಕ್ಸಿಲರೇಟರ್ ಬಿಟ್ಟರೂ ಗಾಡಿ ಹಾಗೇ ಓಡುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. 350 ಫೋರ್ ಸ್ಟ್ರೋಕ್ ಹಾಗಲ್ಲ. ಘಾಟಿ ಇಳಿಯುವಾಗ ಗೇರ್ ಇಳಿಸಿ ಕ್ಲಚ್ ಫಟ್ಟನೆ ಬಿಟ್ಟರೆ ಹಿಂದಿನ ಚಕ್ರ ಒಂದು ಕ್ಷಣ ಎಳೆದುಕೊಂಡು ಹೋಗುತ್ತದೆ. ಒಣ ರಸ್ತೆಯಲ್ಲಿ ಬರೀ ಕುಲುಕಾಟ, ಒದ್ದೆಯಲ್ಲಿ ಬಾಲ ಹೊರಳುತ್ತದೆ. ಕ್ಲಚ್ ನಿಧಾನ ಬಿಡಿ. ಸ್ಲಿಪ್ಪರ್ ಕ್ಲಚ್ ಇರುವ ಗಾಡಿಯಲ್ಲಿ ಇದು ಕಮ್ಮಿ. ಹೈನೆಸ್‌ನಲ್ಲಿ ಮೊದಲಿಂದ ಇದೆ, 2025ರ ಹೊಸ ಮೀಟಿಯೋರ್‌ನಲ್ಲೂ ಬಂದಿದೆ. ಲಿವರ್ ಕೂಡ ಹಗುರ. ಬ್ರೇಕ್ ಕೂಡ ಹಾಗೇ. ನೀವು ಡ್ರಮ್ ಬ್ರೇಕಿನ ಕಾಲದವರು, ಕಾಲು ಮೊದಲು ಹೋಗುತ್ತದೆ. ಈಗ ಮುಂದಿನ ಡಿಸ್ಕ್‌ನಲ್ಲೇ ಜಾಸ್ತಿ ಶಕ್ತಿ. ಎರಡು ಬೆರಳು ಸಾಕು, ಗಾಡಿ ನೆಟ್ಟಗಿರುವಾಗಲೇ ಹಿಡಿಯಿರಿ. ನೆಟ್ಟಿ ಕಾಲದಲ್ಲಿ ಟಿಲ್ಲರ್ ಗದ್ದೆಯಿಂದ ರಸ್ತೆಗೆ ಹತ್ತಿದ ಕಡೆ ಕೆಸರು ಬಿದ್ದಿರುತ್ತದೆ. ಅದರ ಮೇಲೆ ಎಬಿಎಸ್ ಇದ್ದರೂ ನಂಬಬೇಡಿ. ಅಲ್ಲಿಗೆ ಮುಟ್ಟುವ ಮೊದಲೇ ವೇಗ ಇಳಿದಿರಬೇಕು.

ಅಂಗಳದ ವಿಷಯ. ಮೇಲಿನಿಂದ ಮುಖ ಕೆಳಗೆ ಮಾಡಿ ಇಳಿಸಬೇಡಿ. ರಸ್ತೆಯ ಮೇಲೇ ತಿರುಗಿಸಿಕೊಂಡು, ಇಂಜಿನ್ ಆಫ್ ಮಾಡಿ, ಸೀಟಿನ ಮೇಲೆ ಕೂತು, ಬ್ರೇಕ್ ಹಿಡಿಯುತ್ತಾ ಬಿಡುತ್ತಾ ಹಿಂದಕ್ಕೆ ಇಳಿಸಿ. ಬೆಳಿಗ್ಗೆ ಮೊದಲ ಗೇರಿನಲ್ಲಿ ನೇರ ಹತ್ತಿಕೊಂಡು ಹೋಗಬಹುದು. ನಿಲ್ಲಿಸುವಾಗ ಮುಖ ಏರಿನ ಕಡೆ, ಗೇರ್ ಒಂದರಲ್ಲಿ. ಸೈಡ್ ಸ್ಟ್ಯಾಂಡ್ ಕೆಳಗೆ ಕಲ್ಲುಚಪ್ಪಡಿ ತುಂಡು ಇಡಿ, ಒದ್ದೆ ಮಣ್ಣಿನಲ್ಲಿ ಸ್ಟ್ಯಾಂಡ್ ರಾತ್ರಿಯಿಡೀ ಇಳಿಯುತ್ತಾ ಹೋಗುತ್ತದೆ. ಹಾವಸೆಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಕಾಲಿಡುವ ಎರಡು ಪಟ್ಟಿಯಷ್ಟಾದರೂ. ಬಿದ್ದರೆ ಬಗ್ಗಿ ಹ್ಯಾಂಡಲ್ ಹಿಡಿದು ಎತ್ತಬೇಡಿ. ಬೆನ್ನು ಸೀಟಿಗೆ ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್, ಇನ್ನೊಂದು ಸೀಟಿನ ಹಿಂದಿನ ಹಿಡಿಕೆ, ಹಿಂದಕ್ಕೆ ಹೆಜ್ಜೆ ಇಡುತ್ತಾ ಕಾಲಿನ ಬಲದಲ್ಲಿ ಎತ್ತಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲು ಸೈಡ್ ಸ್ಟ್ಯಾಂಡ್ ಹಾಕಿರಿ, ಇಲ್ಲದಿದ್ದರೆ ಆಚೆ ಕಡೆ ಬೀಳುತ್ತದೆ.

ಹೊಸನಗರದ ಹುಡುಗಿ

ಟೀಚರ್, ನಾನೂ ಐದಡಿ ಎರಡಿಂಚೇ. ಅಣ್ಣ ಹೇಳಿದ್ದೆಲ್ಲ ಸರಿ. ಟೆಸ್ಟ್ ರೈಡಿಗೆ ಚಪ್ಪಲಿಯಲ್ಲಿ ಹೋಗಬೇಡಿ. ಮಳೆಗಾಲದಲ್ಲಿ ಯಾವ ಬೂಟು ಹಾಕುತ್ತೀರೋ ಅದನ್ನೇ ಹಾಕಿ, ಶಾಲೆ ಬ್ಯಾಗನ್ನೂ ಬೆನ್ನಿಗೆ ಹಾಕಿಕೊಂಡು ಕೂತು ನೋಡಿ. ಹೆಲ್ಮೆಟ್ ಗಾಜು ಬಿಳಿಯದೇ ಇರಲಿ, ಆಗುಂಬೆ ಮಂಜಿಗೆ ಕಪ್ಪು ಗಾಜು ಅಪಾಯ.

ಲೈಸೆನ್ಸ್ ನೋಡಿದಿರಾ? ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಓಡಿಸಿ ತೋರಿಸಬೇಕು. 40 ದಾಟಿದವರಿಗೆ ಡಾಕ್ಟರ್ ಕೊಡುವ ಫಾರಂ 1ಎ ಕೂಡ ಬೇಕು.

ತುಂಗಾತೀರದ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಮಧ್ಯಾಹ್ನ ಶಿವಮೊಗ್ಗಕ್ಕೆ ಹೋಗಿದ್ದೆ. ಬೂಟು, ಬ್ಯಾಗು ಎಲ್ಲಾ ಹಾಕಿಕೊಂಡೇ. ಮೊದಲು ಹೈನೆಸ್ ಮೇಲೆ ಕೂತೆ. ಕ್ಲಚ್ ನಿಜಕ್ಕೂ ಬೆಣ್ಣೆ, ಬೆಳೆಗಾರರು ಸುಳ್ಳು ಹೇಳಿಲ್ಲ. ಆದರೆ ಎಡಗಾಲು ಊರಿದರೆ ಬಲ ಹಿಮ್ಮಡಿ ಎದ್ದುಬಿಡುತ್ತದೆ. ಸಮತಟ್ಟು ನೆಲದಲ್ಲೇ ಹೀಗಾದರೆ ನಮ್ಮ ಅಂಗಳದಲ್ಲಿ ಆಗದು.

ಮೀಟಿಯೋರ್ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಕೂತವು, ಮಂಡಿ ಸ್ವಲ್ಪ ಬಾಗಿಯೇ ಇತ್ತು. ಶೋರೂಮಿನ ಪಕ್ಕದ ಇಳಿಜಾರಿನಲ್ಲಿ ಹಿಂದಕ್ಕೆ ಇಳಿಸಿ ನೋಡುತ್ತೇನೆ ಅಂದೆ. ಆ ಹುಡುಗ ಗಾಬರಿಯಾದ, ಆದರೆ ಬಿಟ್ಟ. ಮುಂದಿನ ಬ್ರೇಕ್ ಬೆರಳಲ್ಲಿ ಹಿಡಿಯುತ್ತಾ ಸಡಿಲಿಸುತ್ತಾ ಇಳಿಸಿದೆ. ಗಾಡಿ ನನ್ನ ಮಾತು ಕೇಳಿತು. ಓಡಿಸುವಾಗ ಮೊದಲ ನಾಲ್ಕಾರು ನಿಮಿಷ ಕಾಲು ಬ್ರೇಕ್ ಹುಡುಕುತ್ತಿತ್ತು, ಫುಟ್‌ರೆಸ್ಟ್ ಅಷ್ಟು ಮುಂದಿರುವುದರಿಂದ. ಸವಳಂಗ ರಸ್ತೆಗೆ ಬರುವ ಹೊತ್ತಿಗೆ ಮೂರನೇ ಗೇರಿನಲ್ಲಿ ಹಾಯಾಗಿ ಹೋಗುತ್ತಿದ್ದೆ. ಒಂದು ರಸ್ತೆ ಉಬ್ಬಿನಲ್ಲಿ ಸೊಂಟಕ್ಕೆ ಬಡಿಯಿತು, ಸಾಗರದ ತಮ್ಮ ಹೇಳಿದಂತೆಯೇ. ಅದು ನನಗೆ ಒಪ್ಪಿಗೆ. ಒಳರಸ್ತೆಯಲ್ಲಿ ನಿಧಾನ ಹೋಗಲು ನನಗೆ ಬೇಸರವಿಲ್ಲ.

ಅವೆಂಜರ್ ಬೇಡ ಅಂತ ಮೈದುನನಿಗೆ ಎಬಿಎಸ್ ಲೆಕ್ಕ ಕೊಟ್ಟು ಹೇಳಿದೆ, ಒಪ್ಪಿಕೊಂಡ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ ಬಜೆಟ್ಟಿನೊಳಗೇ ಬರುತ್ತದೆ. ಉಳಿದದ್ದರಲ್ಲಿ ಲೆಗ್ ಗಾರ್ಡ್, ಒಳ್ಳೆ ಹೆಲ್ಮೆಟ್, ಮಳೆ ಜಾಕೆಟ್.

ಲೈಸೆನ್ಸ್ ತೆಗೆದು ನೋಡಿದೆ, ಅವಧಿ ಇನ್ನೂ ಇದೆ, ಗೇರ್ ಬೈಕಿಗೂ ಸೇರಿದೆ. ಗ್ಯಾರೇಜ್ ಅಣ್ಣ, ಇನ್ನೊಂದು ಕೇಳಬೇಕಿತ್ತು. ಗಾಡಿ ಬರುವ ತನಕ ಪಕ್ಕದ ಮನೆಯವರ ಸ್ಪ್ಲೆಂಡರ್‌ನಲ್ಲಿ ಶಾಲೆ ಮೈದಾನದಲ್ಲಿ ಅಭ್ಯಾಸ ಮಾಡಲಾ?

ಗ್ಯಾರೇಜ್ ಅಣ್ಣ, ಶಿವಮೊಗ್ಗ

ಖಂಡಿತ ಮಾಡಿ ಮೇಡಂ. ನೇರ ಓಡಿಸುವುದು ಬೇಡ, ಅದು ನಿಮಗೆ ಗೊತ್ತು. ಎರಡು ಕಲ್ಲಿಟ್ಟು ಎಂಟರ ಆಕಾರದಲ್ಲಿ ಸುತ್ತಿ, ಮೊದಲ ಗೇರು, ಅರ್ಧ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಕಾಲು. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ತಿರುವು ಮುಗಿಯುವ ಕಡೆ ಇರಲಿ. ಹೊಸ ಗಾಡಿ ಬಂದ ಮೇಲೆ ಅದೇ ಎರಡು ಕಲ್ಲನ್ನು ಇನ್ನಷ್ಟು ದೂರ ಇಟ್ಟು ಶುರು ಮಾಡಿ. ಕ್ರೂಸರ್ ಉದ್ದ ಜಾಸ್ತಿ, ಸ್ಪ್ಲೆಂಡರ್ ತಿರುಗಿದ ಜಾಗದಲ್ಲಿ ಅದು ತಿರುಗುವುದಿಲ್ಲ. ಮೊದಲ 500 ಕಿಲೋಮೀಟರ್ ಸರ್ವೀಸ್ ತಪ್ಪಿಸಬೇಡಿ, ಅಲ್ಲಿಯ ತನಕ ಇಂಜಿನ್ ಜಾಸ್ತಿ ಎಳೆಸಬೇಡಿ.