ಸ್ಪೆಕ್ಟ್ರೋಮೀಟರ್ ಯಾರ ಕೈಯಲ್ಲಿ?

ಪ್ರಶ್ನೆ: ಹಾಸನದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ವಿಭಾಗ ನಮ್ಮದು. ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳೇ. ಆದರೂ ಲ್ಯಾಬಿನಲ್ಲಿ ಸ್ಪೆಕ್ಟ್ರೋಮೀಟರಿನಂಥ (ಬೆಳಕು ಬಾಗುವ ಕೋನ ಅಳೆಯುವ) ಉಪಕರಣ ಹುಡುಗರು ಹಿಡಿಯುತ್ತಾರೆ, ಇವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಕನ್ನಡ ಮಾಧ್ಯಮದವರು, ಎಸ್ಸಿ-ಎಸ್ಟಿ ಮಕ್ಕಳು ಹಿಂದಿನ ಬೆಂಚಿನಿಂದ ಬಾಯಿಬಿಡುವುದಿಲ್ಲ. ಇದು ತಮ್ಮದೂ ವಿಭಾಗ ಅಂತ ಅವರಿಗೆ ಅನ್ನಿಸಲು ಏನು ಮಾಡಬಹುದು? ಮಾಡಿ ನೋಡಿದವರು ತಿಳಿಸಿ.

ಲ್ಯಾಬ್ ನೋಡಿಕೊಳ್ಳುವವರು: ಮೊದಲು ನಾಲ್ವರ ಬ್ಯಾಚ್ ಒಡೆಯಿರಿ ಸರ್. ನಾಲ್ವರಿದ್ದರೆ ಇಬ್ಬರು ಪ್ರೇಕ್ಷಕರು. ಉಪಕರಣ ಸಾಲದಿದ್ದರೆ ಪ್ರಯೋಗಗಳನ್ನು ಸರದಿಯಲ್ಲಿ ಹಾಕಿ, ಬ್ಯಾಚ್ ಮಾತ್ರ ಇಬ್ಬರದೇ ಇರಲಿ. ಅರ್ಧ ರೀಡಿಂಗ್ ಆದಮೇಲೆ ಕೈ ಬದಲಾಗಬೇಕು; ಯಾರು ತೆಗೆದದ್ದೋ ಅವರ ಇನಿಷಿಯಲ್ ಪ್ರತಿ ಸಾಲಿನ ಪಕ್ಕ ಬೀಳಬೇಕು. ಆಗ ಒಂದು ಗೊಣಗಾಟ ಬರುತ್ತೆ: ‘ಕೈ ಬದಲಾದರೆ ರೀಡಿಂಗ್ ಕೆಡುತ್ತೆ.’ ಕೆಡಲ್ಲ. ಸ್ಪೆಕ್ಟ್ರೋಮೀಟರಿನಲ್ಲಾದರೆ, ಕೈ ಬದಲಾಗಿ ಬಂದವರು ತಮ್ಮ ಕಣ್ಣಿಗೆ ಅಡ್ಡತಂತಿ (ಟೆಲಿಸ್ಕೋಪಿನೊಳಗೆ ಕಾಣುವ ಗುರುತಿನ ಗೆರೆ) ಸ್ಪಷ್ಟವಾಗುವಂತೆ ಐಪೀಸ್, ಅಂದರೆ ಕಣ್ಣಿಡುವ ಮಸೂರ, ಮಾತ್ರ ಸರಿಮಾಡಿಕೊಳ್ಳಲಿ, ಟೆಲಿಸ್ಕೋಪಿನ ಫೋಕಸ್ ಸ್ಕ್ರೂ ಮುಟ್ಟದಿರಲಿ. ಮುಟ್ಟಿದರೆ ಶುರುವಿನ ಹೊಂದಾಣಿಕೆ ಪೂರ್ತಿ ಮತ್ತೆ ಮಾಡಬೇಕು. ಪ್ರಿಸಂ ಇಡುವ ಟೇಬಲ್ಲಿನ ಮೂರು ಸ್ಕ್ರೂ ತಿರುಗಿಸಿ ಮಟ್ಟ ಮಾಡುವುದನ್ನು ಮಾತ್ರ ಇಬ್ಬರೂ ಬೇರೆ ಬೇರೆಯಾಗಿ, ರೀಡಿಂಗ್ ಶುರುವಾಗುವ ಮೊದಲೇ ಮಾಡಲಿ. ಬರೀ ರೀಡಿಂಗ್ ಬರೆದುಕೊಂಡವರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುವುದು ಅಲ್ಲೇ. ವರ್ನಿಯರ್ (ಸೂಕ್ಷ್ಮ ಅಳತೆಯ ಪಟ್ಟಿ) ಓದಲು ಬಂದರೂ ಸ್ಕ್ರೂ ಏಕೆ ತಿರುಗಿಸಿದ್ದು ಅಂದರೆ ಮೌನ. ಅದಕ್ಕೆ ‘ಹೆಣ್ಣುಮಕ್ಕಳಿಗೆ ಪ್ರಾಕ್ಟಿಕಲ್ ಬರಲ್ಲ’ ಅಂತ ಷರಾ ಬೇರೆ.

ಸಂಶೋಧನೆ ಓದುವ ಒಬ್ಬರು: ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಾಲ್ಟನ್ ಮತ್ತು ಕೋಹೆನ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಹೊಸದಾಗಿ ಸೇರಿದವರಿಗೆ ಹಿರಿಯ ವಿದ್ಯಾರ್ಥಿಗಳ ಮಾತು ಓದಿಸಿದರು. ಶುರುವಿನ ಅಳುಕು ಎಲ್ಲರಿಗೂ ಇರುತ್ತೆ, ಬರ್ತಾ ಬರ್ತಾ ಹೋಗುತ್ತೆ ಅನ್ನುವುದು ಅದರ ತಿರುಳು. ಸುಮಾರು ಒಂದು ಗಂಟೆಯ ಕೆಲಸ, ಮೂರು ವರ್ಷದಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತು. ಆದರೆ 2023ರಲ್ಲಿ 22 ಕಾಲೇಜುಗಳಲ್ಲಿ ನೋಡಿದಾಗ, ಆಯಾ ಗುಂಪಿನವರಿಗೆ ನಿಜಕ್ಕೂ ಜಾಗವಿರುವ ಕಡೆ ಮಾತ್ರ ಅದು ಫಲ ಕೊಟ್ಟಿತ್ತು. ಅಲ್ಲಿನ ವರ್ಣದ ಲೆಕ್ಕವನ್ನು ಇಲ್ಲಿನ ಜಾತಿಗೆ ಹಾಗೇ ಅಂಟಿಸಬೇಡಿ. ಲ್ಯಾಬ್ ಸರಿಮಾಡದೆ ಬರೀ ಓರಿಯೆಂಟೇಶನ್ ಭಾಷಣ ಮಾಡಿಸಿದರೆ ಪ್ರಯೋಜನವಿಲ್ಲ.

ಆಫೀಸಿನ ಕಡೆಯವರು: ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಹೆಸರು, ಜಾತಿ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಬೇಡಿ, ನೋಂದಣಿ ಸಂಖ್ಯೆ ಸಾಕು. ತರಗತಿಯಲ್ಲಿ ‘ಎಸ್ಸಿ-ಎಸ್ಟಿಯವರು ಎದ್ದು ನಿಲ್ಲಿ’ ಅನ್ನುವ ಚಾಳಿ ನಿಲ್ಲಲಿ. ಸೆಮಿನಾರನ್ನು ಸಂಜೆ ಐದಕ್ಕೆ ಇಟ್ಟರೆ ಅರಕಲಗೂಡು, ಸಕಲೇಶಪುರದ ಬಸ್ ಹಿಡಿಯುವವರು ಎದ್ದು ಹೋಗುತ್ತಾರೆ, ನೀವು ಆಸಕ್ತಿಯಿಲ್ಲ ಅಂದುಕೊಳ್ಳುತ್ತೀರಿ. ಹನ್ನೊಂದಕ್ಕೆ ಇಡಿ.

ಇನ್ನೊಬ್ಬರು: ವೈವಾದ ಪ್ರಶ್ನೆಯನ್ನು ಚೀಟಿಯಲ್ಲಿ ಕೊಟ್ಟು ಒಂದು ನಿಮಿಷ ಬಿಡಿ, ಕನ್ನಡದಲ್ಲಿ ವಿವರಿಸಿದರೂ ಅಂಕ ಕೊಡಿ. ‘ವಿಚಲನ ಕೋನ’ ಅಂದವರಿಗೂ ಡೀವಿಯೇಶನ್ ಗೊತ್ತಿರುತ್ತೆ.

ಮೇಡಂ ಒಬ್ಬರು: ಲೈಂಗಿಕ ಕಿರುಕುಳವಾದರೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಕೋಣೆಯಲ್ಲಿ ರಾಜಿ ಪಂಚಾಯಿತಿ ಬೇಡ. ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿಗೆ, ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸದಸ್ಯರ ಹೆಸರು, ಫೋನ್ ನಂಬರ್ ಇರುವ ಹಾಳೆಯನ್ನು ಹೆಣ್ಣುಮಕ್ಕಳ ವಿಶ್ರಾಂತಿ ಕೋಣೆಯಲ್ಲೂ ಅಂಟಿಸಿ. ಆಫೀಸಿನ ಮುಂದೆ ನಿಂತು ನಂಬರ್ ಬರೆದುಕೊಳ್ಳಲು ಯಾರಿಗೂ ಧೈರ್ಯ ಬರಲ್ಲ.